ಹುಲ್ಲು ಹಂಚುವವನ ಅಕ್ಕ

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಉಳಿದವರು ಎರಡು ಪಂಗಡವಾಗುತ್ತಾರೆ. ರೋಗಿಯ ಪಕ್ಕದಲ್ಲಿ ಕೂರುವವರದು ಒಂದು, ರೋಗಿಗಾಗಿ ಓಡಾಡುವವರದು ಇನ್ನೊಂದು. ಕೂರುವವರನ್ನು ಯಾರೂ ಹೊಗಳುವುದಿಲ್ಲ. ಸುಮ್ಮನೆ ಕೂತಿದ್ದಾರಲ್ಲ, ಅದರಲ್ಲೇನು ಮಹಾ ಎನ್ನುತ್ತಾರೆ. ಓಡಾಡುವವರಿಗೆ ಮಾತ್ರ ಊರೆಲ್ಲ ಸರ್ಟಿಫಿಕೇಟು ಕೊಡುತ್ತದೆ. ನಾನು ಹುಟ್ಟಿದಾಗಿನಿಂದ ಓಡಾಡುವವನು. ಆಸ್ಪತ್ರೆಯೆಂದರೆ ಎಕ್ಸ್‌ರೇ ತರಲು ನಾನು, ಟೀ ತರಲು ನಾನು, ರಕ್ತದ ಚೀಟಿ ಹಿಡಿದು ಮಹಡಿ ಹತ್ತಿ ತಪ್ಪು ಬಾಗಿಲು ತಟ್ಟಿ ಬೈಸಿಕೊಂಡು ಇಳಿಯಲು ನಾನು. ವಾರ್ಡಿನ ಬಾಗಿಲಲ್ಲಿ ನಿಂತು ‘ಇನ್ನೇನಾರ ತರ್ಬೇಕಾ?’ ಎಂದು ಕೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಒಳಗೆ ಬಂದು ಸ್ಟೂಲಿನ ಮೇಲೆ ಕೂರು ಎಂದರೆ ಮಾತ್ರ ನನ್ನ ಮೊಣಕಾಲು ಮಡಚುವುದಿಲ್ಲ. ಗೋಡೆ ಕಟ್ಟುವಾಗ ದಿನವಿಡೀ ಕುಕ್ಕರಗಾಲಿನಲ್ಲಿ ಕೂರುವ ಅದೇ ಮೊಣಕಾಲು.

ಹೌದು, ನಾನು ಗಾರೆ ಕೆಲಸದವನು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕರಣೆ ಹಿಡಿದೆ. ನಮ್ಮೂರು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ದಾರಿಯಲ್ಲಿ ನಾಲೆಯ ಆಚೆಗಿದೆ. ಗೌಡರ ಮನೆಗಳ ನಡುವೆ ನಮ್ಮ ಕ್ರೈಸ್ತರದೊಂದು ಬೀದಿ, ಬೀದಿಯ ತುದಿಗೆ ಹೆಂಚಿನ ಸಣ್ಣ ಚರ್ಚು. ಫಾದರ್ ಭಾನುವಾರ ಮಾತ್ರ ಬಂದು ಪೂಜೆ ಕೊಟ್ಟು ಹೋಗುತ್ತಾರೆ. ಉಳಿದ ದಿನ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಮನೆಯಲ್ಲಿ ನಾನು, ಹೆಂಡತಿ ಸಿಸಿಲಿ, ಮತ್ತು ನನ್ನ ಅಕ್ಕ ಲೂರ್ದಮ್ಮ. ಅಕ್ಕ ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೇ ಬಂದವಳು. ಕಳೆದ ಮಳೆಗಾಲದಲ್ಲಿ ಅವಳ ಹೊಟ್ಟೆಯೊಳಗೆ ಗಡ್ಡೆ ಇದೆ ಎಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಮೈಸೂರಿನ ಡಾಕ್ಟರು ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಎಂದು ಕಳಿಸಿದರು. ಆ ಮಾತಿನ ಅರ್ಥ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬರುವಾಗ ಆಟೋದಲ್ಲಿ ಅವಳು ನನ್ನ ತೋಳು ತಟ್ಟಿ, ‘ಚೌರಾ, ಒಂದಿನ ನನ್ ಮಗ್ಗುಲಲ್ಲಿ ಕುಂತ್ಕೊಳ್ಲಾ. ಮಾತಾಡದದೆ’ ಎಂದಳು. ‘ಕುಂತ್ಕತೀನಿ ಬುಡಕ್ಕ, ಎಲ್ಲಿಗ್ ಒಯ್ತೀನಿ?’ ಎಂದೆ.

ಎಲ್ಲಿಗೆ ಹೋದೆ ಎಂಬುದೇ ಈ ಬರಹ. ನಾವು ಮನೆಗೆ ಬಂದ ವಾರದಲ್ಲೇ ಆಗಮನ ಕಾಲ ಶುರುವಾಯಿತು. ಅದಕ್ಕಿಂತ ಒಳ್ಳೆಯ ನೆಪ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಆಗಮನ ಕಾಲವೆಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ, ಬಾಲಯೇಸುವಿನ ಬರವನ್ನು ಕಾಯುವ ಕಾಲ. ಫಾದರ್ ಹೇಳುವ ಪ್ರಕಾರ ಆ ದಿನಗಳಲ್ಲಿ ಗಲಾಟೆ ಕಡಿಮೆ ಮಾಡಿ, ಮನಸ್ಸು ಸಿದ್ಧ ಮಾಡಿಕೊಂಡು, ಸುಮ್ಮನೆ ಕಾಯಬೇಕು. ಸುಮ್ಮನೆ ಕಾಯುವುದು ಕೂರುವವರ ಪಂಗಡದ ಕೆಲಸ. ನನ್ನ ಕಣ್ಣಿಗೆ ಆ ನಾಲ್ಕು ವಾರದಲ್ಲಿ ಕಾಣುವುದು ಸುಣ್ಣ, ಬಿದಿರು, ಬಣ್ಣದ ಕಾಗದ, ಸೀರಿಯಲ್ ಸೆಟ್ಟು, ಗೋದಲಿ. ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಬೊಂಬೆಗಳಿಟ್ಟು ಚರ್ಚಿನಲ್ಲಿ ಕಟ್ಟುತ್ತೇವಲ್ಲ, ಅದೇ ಗೋದಲಿ. ಬೇರೆ ವರ್ಷ ಅದನ್ನು ಕಟ್ಟಲು ನನಗೆ ಎರಡು ಮಧ್ಯಾಹ್ನ ಸಾಕಾಗುತ್ತಿತ್ತು. ಈ ಸಲ ಇಡೀ ತಿಂಗಳು ಬೇಕಾಯಿತು.

ಮಕ್ಕಳಿಗೆ ಉಪದೇಶ ಹೇಳಲು ಬರುವ ಸಿಸ್ಟರು ಅದೇ ಹೊತ್ತಿಗೆ ಒಂದು ಹೊಸ ಪದ್ಧತಿ ತಂದರು. ಬೇರೆ ಕಡೆ ಇದು ಹಳೆಯದಂತೆ. ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸುವ ತೊಟ್ಟಿಯನ್ನು ಮೊದಲು ಖಾಲಿ ಇಡಬೇಕು. ಒಂದು ಒಳ್ಳೆಯ ಕೆಲಸ ಮಾಡಿದ ಮಗು ಒಂದು ಹುಲ್ಲುಕಡ್ಡಿಯನ್ನು ಅದರಲ್ಲಿ ಹಾಕಬೇಕು. ಕ್ರಿಸ್ಮಸ್ಸಿನ ಹೊತ್ತಿಗೆ ಮಕ್ಕಳ ಒಳ್ಳೆಯತನದಿಂದಲೇ ಮಗುವಿಗೆ ಮೆತ್ತನೆಯ ಹಾಸಿಗೆಯಾಗಬೇಕು. ದಿನಾ ಸಂಜೆ ಜಪಮಾಲೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಕೂತು, ಮಕ್ಕಳ ಮಾತು ಕೇಳಿ, ಕಡ್ಡಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಒಳ್ಳೆಯತನ ಅಳೆಯಲು ಬೀದಿಯಲ್ಲಿ ಬೇರೆ ಯಾರೂ ಬಿಡುವಾಗಿರಲಿಲ್ಲ.

ಆ ಕೆಲಸ ನೋಡಿದಷ್ಟು ಸುಲಭವಲ್ಲ. ‘ತಾತ, ನಾನು ಇವತ್ತು ನಮ್ಮವ್ವಂಗೆ ಎದುರು ಮಾತಾಡ್ಲಿಲ್ಲ’ ಎಂದು ಒಬ್ಬ ಬಂದ. ‘ಎಷ್ಟೊತ್ತು?’ ಎಂದೆ. ‘ಮಧ್ಯಾನ ಪೂರ್ತಿ. ನಿದ್ದೆ ಮಾಡ್ತಿದ್ದೆ.’ ಇನ್ನೊಬ್ಬ ತನ್ನ ತಮ್ಮನ ಚಪ್ಪಲಿಯನ್ನು ಬೆಳಿಗ್ಗೆ ನಾಲೆಯ ಏರಿಯ ಮೇಲೆ ಬಚ್ಚಿಟ್ಟು, ಸಂಜೆ ಅದನ್ನು ತಾನೇ ಹುಡುಕಿಕೊಟ್ಟು ಕಡ್ಡಿಗೆ ಕೈಯೊಡ್ಡಿದ. ಪಕ್ಕದ ಬೀದಿಯ ಗೌಡರ ಮೊಮ್ಮಗಳೂ ಸಾಲಿನಲ್ಲಿ ನಿಂತಿದ್ದಳು. ‘ನೀನು ಚರ್ಚಿನೋಳಲ್ವಲ್ಲಮ್ಮ’ ಎಂದರೆ, ‘ಹುಲ್ಲು ನಮ್ ಮೆದೇದೇ ಅಲ್ವಾ?’ ಎಂದಳು. ಅದು ನಿಜವಾಗಿತ್ತು. ಬತ್ತದ ಕುಯ್ಲು ಮುಗಿದು ಗೌಡರ ಹುಲ್ಲಿನ ಮೆದೆ ಚರ್ಚಿನ ಗೋಡೆಗೇ ಒರಗಿಕೊಂಡಿತ್ತು. ನಾನು ಕೂತಲ್ಲಿಂದಲೇ ಕೈ ಚಾಚಿ ಎಳೆಯಬಹುದಿತ್ತು. ನನಗೆ ಇದೇ ತೊಂದರೆಯಾಯಿತು. ಎಲ್ಲ ಸಾಮಾನೂ ಕೈಗೆ ಸಿಗುವ ಹಾಗಿದ್ದರೆ ಮನುಷ್ಯ ಊರು ಬಿಟ್ಟು ಹೋಗುವುದು ಹೇಗೆ?

ಈಗ ಹಿಂದಿರುಗಿ ನೋಡಿದರೆ ಲೆಕ್ಕ ಸ್ಪಷ್ಟವಾಗಿದೆ. ಅಕ್ಕನ ಕಾಯಿಲೆ ಎಷ್ಟು ಹೆಚ್ಚಿತೋ ಗೋದಲಿಯ ಸಾಮಾನು ಅಷ್ಟು ದೂರ ಹೋಯಿತು. ಅವಳು ಗಂಜಿ ಕುಡಿಯುತ್ತಿದ್ದ ವಾರ ಶ್ರೀರಂಗಪಟ್ಟಣದ ನೀಲಿ ಕಾಗದ ಸಾಕಾಗುತ್ತಿತ್ತು. ಗಂಜಿ ಒಳಗೆ ನಿಲ್ಲದಂತಾದಾಗ ದೀಪದ ಸರಕ್ಕೆ ಪಾಂಡವಪುರಕ್ಕೇ ಹೋಗಬೇಕಾಯಿತು. ನೋವಿನ ಮಾತ್ರೆ ಹೆಚ್ಚಿಸಿದ ದಿನ, ಬತ್ತದ ಹುಲ್ಲು ಮಗುವಿನ ಮೈಗೆ ಚುಚ್ಚುತ್ತದೆ, ರಾಗಿ ಹುಲ್ಲೇ ಆಗಬೇಕು ಎಂದು ಸಾರಿ ನಾಗಮಂಗಲದ ಬಸ್ಸು ಹತ್ತಿದೆ. ಮಣ್ಣಿನ ಬೊಂಬೆಯ ಮೈಗೆ ಯಾವ ಹುಲ್ಲು ಚುಚ್ಚುತ್ತದೆ ಎಂದು ಯಾರೂ ಕೇಳಲಿಲ್ಲ. ಗೌಡರು ಮಾತ್ರ ನನ್ನ ಹೆಗಲ ಮೇಲಿನ ಕಂತೆಯನ್ನೂ ತಮ್ಮ ಮೆದೆಯನ್ನೂ ಒಂದೊಂದು ಸಲ ನೋಡಿ, ‘ನಮ್ ಹುಲ್ಲು ಏನ್ ತಪ್ ಮಾಡ್ತು ಚೌರಪ್ಪ?’ ಎಂದರು. ಬೆತ್ಲೆಹೇಮಿನಲ್ಲಿ ಬತ್ತ ಬೆಳೆಯುತ್ತಿರಲಿಲ್ಲ ಎಂದು ಉತ್ತರ ಕೊಟ್ಟೆ. ಅದು ಹೇಗೋ ಅಕ್ಕನ ಕಿವಿಗೆ ಹೋಗಿ, ‘ರಾಗಿ ಬೆಳೀತಿದ್ರಂತಾ? ಕೇಳ್ಕೊಂಡ್ ಬನ್ನಿ’ ಎಂದು ಹಾಸಿಗೆಯಿಂದಲೇ ಹೇಳಿ ಕಳಿಸಿದಳು.

ಹೇಳಿ ಕಳಿಸಲು ಅವಳಿಗೆ ಆಗ ಜನರ ಕೊರತೆ ಇರಲಿಲ್ಲ. ಎರಡನೇ ಭಾನುವಾರ ಸಿಸ್ಟರು ಮಕ್ಕಳಿಗೆ, ‘ಕಾಯಿಲೆಯವರನ್ನು ನೋಡಿ, ಮಾತಾಡಿಸಿ ಬಂದರೆ ಎರಡು ಕಡ್ಡಿ’ ಎಂದುಬಿಟ್ಟಿದ್ದರು. ಬೀದಿಯಲ್ಲಿ ಆ ವರ್ಷ ಲಕ್ಷಣವಾಗಿ ಮಲಗಿದ್ದ ಕಾಯಿಲೆಯವಳು ನನ್ನ ಅಕ್ಕ ಒಬ್ಬಳೇ. ಸ್ಕೂಲು ಬಿಟ್ಟ ಕೂಡಲೇ ಮಕ್ಕಳು ಬ್ಯಾಗು ಸಮೇತ ನಮ್ಮ ಜಗುಲಿಯಲ್ಲಿ ಸಾಲು ನಿಲ್ಲುತ್ತಿದ್ದರು. ಸಿಸಿಲಿ ರೇಗಿ, ‘ರೇಶನ್ ಅಂಗಡಿ ಆಗೋಯ್ತು ನಮ್ಮನೆ’ ಎಂದು ಗೊಣಗುತ್ತಿದ್ದಳು. ಆದರೆ ಅಕ್ಕ ಯಾರನ್ನೂ ಸುಮ್ಮನೆ ಕಳಿಸುತ್ತಿರಲಿಲ್ಲ. ಕಾಲು ಒತ್ತಿಸಿಕೊಳ್ಳುವಳು, ತಲೆ ಬಾಚಿಸಿಕೊಳ್ಳುವಳು, ಒಬ್ಬೊಬ್ಬರ ಬಾಯಿಂದಲೂ ಊರಿನ ಸುದ್ದಿ ಹಿಂಡಿಕೊಳ್ಳುವಳು. ‘ಬರೀ ಮುಖ ತೋರ್ಸಿ ಹೋದ್ರೆ ಒಂದೇ ಕಡ್ಡಿ ಅಂತ ಹೇಳ್ತೀನಿ ನೋಡು’ ಎಂದು ಹೆದರಿಸುವಳು. ಸಂಜೆ ಅದೇ ಮಕ್ಕಳು ಚರ್ಚಿನ ಬಾಗಿಲಿಗೆ ಬಂದು ನನಗೆ ವರದಿ ಒಪ್ಪಿಸಿ ಹುಲ್ಲು ಇಸಿದುಕೊಳ್ಳುತ್ತಿದ್ದರು. ನನ್ನ ಅಕ್ಕ ಹೇಗಿದ್ದಾಳೆಂದು ನನಗೆ ತಿಳಿಯುತ್ತಿದ್ದದ್ದೇ ಹಾಗೆ.

ಅವರಲ್ಲಿ ಪ್ರೀತಿ ಎಂಬ ಮೂರನೇ ಕ್ಲಾಸಿನ ಹುಡುಗಿ ಒಂದು ದಿನ ಎಲ್ಲರೂ ಹೋಗುವವರೆಗೆ ಕಾದು ಕೊನೆಗೆ ಬಂದಳು. ‘ತಾತ, ಅಜ್ಜಿ ಇವತ್ತು ರಕ್ತ ಕಕ್ಬುಟ್ರು. ಸಿಸಿಲಜ್ಜಿ ನೀರ್ ತರಕ್ ಹೋಗಿದ್ರು. ನಾನೇ ಬಟ್ಲು ಹಿಡ್ದೆ’ ಎಂದಳು. ಅವಳ ಫ್ರಾಕಿನ ಅಂಚು ಒದ್ದೆಯಾಗಿತ್ತು. ನಾನು ಒಂದು ಹಿಡಿ ಹುಲ್ಲನ್ನೇ ತೆಗೆದು ಅವಳ ಮುಂದೆ ಹಿಡಿದೆ. ಅವಳು ಅದರಿಂದ ಎರಡೇ ಕಡ್ಡಿ ಎಳೆದುಕೊಂಡು, ‘ಅಜ್ಜಿ ನಿಮ್ಗೊಂದ್ ಮಾತು ಹೇಳು ಅಂದ್ರು’ ಎಂದಳು. ‘ಏನಂತೆ?’ ‘ಹುಲ್ಲು ಹಂಚೋನ್ಗೆ ಮನೆ ದಾರಿ ಮರ್ತೋಗಿದ್ರೆ ಕೈ ಹಿಡ್ಕಂಡ್ ಕರ್ಕಂಡ್ ಬಾ ಅಂತ.’ ಹೇಳಿ, ನಿಜವಾಗಿಯೂ ಕೈ ಚಾಚಿ ನಿಂತಳು. ಚರ್ಚಿಗೂ ಮನೆಗೂ ನಡುವೆ ಇರುವುದು ಐದಾರು ಬಾಗಿಲು. ‘ನಕ್ಷತ್ರಕ್ಕೆ ಗೋಂದು ಹಚ್ಬುಟ್ಟು ಬತ್ತೀನಿ, ನೀನ್ ಹೋಗು’ ಎಂದೆ. ಗೋಂದು ಬೇಗ ಒಣಗಲಿಲ್ಲ. ನಾನು ಅದನ್ನು ಬೇಗ ಒಣಗಲು ಬಿಡಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಎಲ್ಲರೂ ಫಾದರ್ ಹತ್ತಿರ ತಪ್ಪು ಒಪ್ಪಿಕೊಂಡು ಪಾಪನಿವೇದನೆ ಮಾಡಬೇಕು. ನಾನೂ ಮಂಡಿಯೂರಿದೆ. ಯೋಗ್ಯತೆ ಇಲ್ಲದ ಮಕ್ಕಳಿಗೂ ಹುಲ್ಲು ಕೊಟ್ಟಿದ್ದೇನೆ ಎಂದೆ. ರಾಗಿ ಹುಲ್ಲಿನ ವಿಷಯದಲ್ಲಿ ಗೌಡರಿಗೆ ಸುಳ್ಳು ಹೇಳಿದೆ ಎಂದೆ. ಫಾದರ್ ಹುಲ್ಲಿನ ಪಾಪಗಳನ್ನೆಲ್ಲ ತಾಳ್ಮೆಯಿಂದ ಕೇಳಿ, ‘ಮನೆಯಲ್ಲಿ ಹೇಗಿದ್ದೀರಿ ಚೌರಪ್ಪ?’ ಎಂದರು. ‘ಎಲ್ಲ ಚೆನ್ನಾಗಿದೀವಿ ಸ್ವಾಮಿ’ ಎಂದೆ. ಪಾಪನಿವೇದನೆಯ ಒಳಗೇ ಪಾಪ ಮಾಡಿ ಎದ್ದು ಬಂದವನು ನಮ್ಮ ಬೀದಿಯಲ್ಲಿ ನಾನೊಬ್ಬನೇ ಇರಬೇಕು.

ಅಕ್ಕನಿಗೆ ನೀರು ಕೂಡ ಚಮಚದಲ್ಲಿ ಕೊಡುವಂತಾದ ದಿನ ನಾನು ಗೋದಲಿಯ ಬೊಂಬೆಗಳಲ್ಲಿ ಯೇಸುವಿನ ಸಾಕುತಂದೆ ಸಂತ ಜೋಸೆಫರನ್ನು ಟವೆಲಿನಲ್ಲಿ ಸುತ್ತಿಕೊಂಡು ಕೆ.ಆರ್. ಪೇಟೆಯ ಕಡೆಗೆ ಹೊರಟೆ. ಜೋಸೆಫರ ಮೂಗು ಮುಕ್ಕಾಗಿತ್ತು. ಇಲಿ ಕೆಡವಿತ್ತೋ, ನಾನೇ ಕೆಡವಿದೆನೋ, ಈಗ ಅದರ ವಿಚಾರಣೆ ಬೇಡ. ಸಿಂಧಘಟ್ಟದಲ್ಲಿ ಗಣೇಶನ ಮೂರ್ತಿ ಮಾಡುವ ನನ್ನ ಹಳೆಯ ಸ್ನೇಹಿತ ಪುಟ್ಟಸ್ವಾಮಿ ಇದ್ದಾನೆ, ಅವನ ಕೈಯಲ್ಲೇ ಸರಿಮಾಡಿಸಬೇಕು ಎಂದು ಸಿಸಿಲಿಗೆ ಹೇಳಿದೆ. ಅವಳು ಚಮಚ ಹಿಡಿದುಕೊಂಡೇ ನನ್ನನ್ನು ನೋಡಿದಳು. ‘ಅವರ ಮೂಗು ಓಡೋಯ್ತದಾ?’ ಎಂದಳು, ಅಷ್ಟೆ. ಬಸ್ಸಿನಲ್ಲಿ ಕಂಡಕ್ಟರು ನನ್ನ ಮಡಿಲಿನ ಗಂಟಿನಿಂದ ಹೊರಗೆ ಚಾಚಿದ್ದ ಗಡ್ಡ ನೋಡಿ, ‘ಯಜಮಾನ್ರೇ, ನಿಮ್ ಜೊತೇಲಿರೋ ಯಜಮಾನ್ರಿಗೂ ಟಿಕೆಟ್ಟಾ?’ ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಯಲ್ಲಿ ಅಕ್ಕ ಸಾಯುತ್ತಿದ್ದಳು, ನಾನು ಬಸ್ಸಿನಲ್ಲಿ ನಗುತ್ತಿದ್ದೆ. ಬರೆಯುವಾಗ ಇದನ್ನು ಬಿಟ್ಟುಬಿಡೋಣ ಅನಿಸಿತ್ತು.

ಪುಟ್ಟಸ್ವಾಮಿ ಬೊಂಬೆಯನ್ನು ತಿರುಗಿಸಿ ನೋಡಿದ. ಚಿಟಿಕೆ ಪ್ಲಾಸ್ಟರು ಕಲಸಿ, ಹೆಬ್ಬೆರಳಿನಿಂದ ಒತ್ತಿ, ನಾನು ಕೊಟ್ಟ ಬೀಡಿ ಮುಗಿಯುವುದರೊಳಗೆ ಮೂಗು ನಿಲ್ಲಿಸಿದ. ಆಮೇಲೆ ನನ್ನ ಮುಖ ನೋಡಿದ.

‘ಲೇ ಚೌರ, ಗಾರೆ ಕೆಲ್ಸದೋನು ನೀನು. ಮನೆ ಮೇಲೆ ಮನೆ ಕಟ್ಟಿದೀಯ. ಇಷ್ಟುದ್ದ ಮೂಗು ಮೆತ್ತಕ್ಕೆ ನನ್ನತ್ರ ಬಂದಿದೀಯಲ್ಲಾ, ಮನೇಲಿ ಯಾರ್ಗ್ಲಾ ಉಷಾರಿಲ್ಲ?’

‘ಅಕ್ಕಂಗೆ.’

‘ಎಷ್ಟಾಗದೆ?’

‘ನೀರೂ ಇಳೀತಿಲ್ಲ.’

ಅವನು ಜೋಸೆಫರನ್ನು ಮತ್ತೆ ಟವೆಲಿನಲ್ಲಿ ಸುತ್ತಿ ನನ್ನ ಕಂಕುಳಿಗೆ ತುರುಕಿ, ಕುತ್ತಿಗೆ ಹಿಡಿದು ನೂಕುವವನ ಹಾಗೆ ರಸ್ತೆಗೆ ಕರೆತಂದ. ಬಸ್ಸು ಬರುವವರೆಗೆ ನನ್ನ ಪಕ್ಕದಲ್ಲೇ ನಿಂತ. ಬಸ್ಸು ಬಂದಾಗ, ‘ಬಣ್ಣ ನಾನ್ ಹಚ್ಚಿಲ್ಲ ಕಣ್ಲಾ. ಬಣ್ಣ ಹಚ್ಚುಸ್ಬೇಕು ಅಂತ ಇನ್ನೆಲ್ಲಿಗೂ ಹೋಗ್ಬ್ಯಾಡ’ ಎಂದ.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಸಿಸಿಲಿ ನಾಲೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಮಕ್ಕಳು ಬಂದು ಹೋಗಿದ್ದರು. ಕಿಟಕಿಗೆ ಹಳೆಯ ಸೀರೆ ಕಟ್ಟಿ ಕೋಣೆಯನ್ನು ಮಬ್ಬು ಮಾಡಿದ್ದರು. ಬಾಗಿಲಲ್ಲೇ ನಿಂತು ‘ಇನ್ನೇನಾರ ತರ್ಬೇಕಾ?’ ಎಂದು ಕೇಳೋಣವೆಂದರೆ ಕೇಳಲು ಯಾರೂ ಇರಲಿಲ್ಲ. ಜೋಸೆಫರನ್ನು ಗೋಡೆಗೆ ಒರಗಿಸಿ ಒಳಗೆ ಹೋದೆ. ಅಕ್ಕ ಕಣ್ಣು ಅರ್ಧ ತೆರೆದಿದ್ದಳು.

‘ಯಾರಪ್ಪ ಮಗ ಅದು? ಹುಲ್ಲಿಗ್ ಬಂದಾ?’ ಎಂದಳು.

ನಾನು ಕಣಕ್ಕ, ಚೌರ, ಎನ್ನಬೇಕಿತ್ತು. ಇಷ್ಟು ಹೇಳಲು ಓದು ಬೇಕಾಗಿಲ್ಲ. ನನ್ನ ಬಾಯಿಂದ ಬಂದದ್ದು ‘ಊಂ’ ಎಂದು ಮಾತ್ರ. ಸಾಯುವ ಅಕ್ಕನಿಗೆ ನಾನು ಹೇಳಿದ ಸುಳ್ಳು ಅಷ್ಟು ಚಿಕ್ಕದು.

‘ಬಾ, ಕುಂತ್ಕೊ. ಕೈ ಕೊಡು.’

ಕೂತೆ. ಮೊಣಕಾಲು ಮಡಚಿತು. ಅವಳು ನನ್ನ ಅಂಗೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜುತ್ತ ಕೇಳಿದಳು, ‘ನಿಂಗೆ ಅಕ್ಕ ಅವ್ಳಾ?’

‘ಅವ್ಳೆ.’

‘ಜಗಳ ಆಡ್ತೀರಾ?’

‘ಇಲ್ಲ.’

‘ಆಡ್ಬೇಕು ಕಣಪ್ಪ. ಜಗಳಕ್ಕಾದ್ರೂ ಎದುರ್ಗೆ ಕುಂತ್ಕಬೇಕಲ್ಲ.’ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. ‘ನಂಗೂ ಒಬ್ಬ ತಮ್ಮ ಅವ್ನೆ. ಕೆಟ್ಟೋನಲ್ಲ, ಪುಕ್ಲ. ನಮ್ಮವ್ವ ಸಾಯೋವಾಗ ಕೋಳಿ ತಪ್ಪಿಸ್ಕಂಡದೆ, ಹುಡ್ಕಂಡ್ ಬತ್ತೀನಿ ಅಂತ ನಾಲೆ ಕಡೆ ಓಡೋದ. ನಮ್ಮನೇಲಿ ಕೋಳಿನೇ ಇರ್ನಿಲ್ಲ.’

ನಗಲು ಹೋಗಿ ಅವಳಿಗೆ ನೋವು ಬಂತು. ಮುಖ ಹಿಂಡಿಕೊಂಡು ಕಾದಳು. ನಾನು ಏಳಲು ಹೊರಟೆ, ಮಾತ್ರೆಯನ್ನೋ ನೀರನ್ನೋ ಏನನ್ನಾದರೂ ತರಲು. ಅವಳು ಕೈ ಬಿಡಲಿಲ್ಲ.

‘ಅವ್ನ್ಗೆ ಹೇಳ್ಬೇಕು ಅಂತಿದ್ದದ್ದು ಬಾಳ ಏನಿಲ್ಲ. ನಂಗೆ ಭಯ ಇಲ್ಲ ಕಣ್ಲಾ ಅಂತ, ಅಷ್ಟೆಯಾ. ನನ್ ಭಯಾನೂ ಅವ್ನೇ ಹೊತ್ಕಂಡು ಊರೂರು ತಿರುಗ್ತಾವ್ನೆ. ಇನ್ನೊಂದು, ನಾನ್ ಹೋದ್ ಮೇಲೆ ಪೆಟ್ಟಿಗೆ ತರ್ತೀನಿ ಅಂತ ಮಂಡ್ಯ, ಬೆಂಗಳೂರು ಅಂತ ಓಡ್ಬಾರ್ದು. ಪಾಂಡವಪುರದ್ದೇ ಸಾಕು. ಮಣ್ಗೆ ಹಾಕದಲ್ವಾ.’

‘ಊಂ’ ಎಂದೆ.

‘ಹೇಳ್ತೀಯಾ ಅವ್ನ್ಗೆ?’

‘ಹೇಳ್ತೀನಿ.’

ಹೊರಗೆ ಬೆಳಕು ಹೋಗುವವರೆಗೆ ಕೂತಿದ್ದೆ. ಅವಳು ನಿದ್ದೆಹೋದಳು, ಆದರೂ ಬೆರಳು ಸಡಿಲವಾಗಲಿಲ್ಲ. ನನ್ನ ಅಂಗೈ ಸಿಮೆಂಟು ತಿಂದು ಹುಣಸೆಮರದ ತೊಗಟೆಯ ಹಾಗಾಗಿದೆ. ಮೂರನೇ ಕ್ಲಾಸಿನ ಯಾವ ಮಗುವಿಗೂ ಅಂಥ ಕೈ ಇರುವುದಿಲ್ಲ. ಅದನ್ನು ಅಷ್ಟು ಹೊತ್ತು ಉಜ್ಜಿದವಳಿಗೆ ಅದು ಯಾರ ಕೈಯೆಂದು ತಿಳಿಯದೆ ಹೋಯಿತೇ? ತಿಳಿದೇ ಇರಬೇಕು. ಪುಕ್ಕಲ ತಮ್ಮ ಹೆಸರು ಹೇಳಿದರೆ ಎದ್ದು ಓಡುತ್ತಾನೆಂದು ಯಾರದೋ ಮಗನ ಹಾಗೆ ಕೂರಿಸಿಕೊಂಡಿರಬೇಕು. ಆಗ ನನಗೆ ಇದು ಹೊಳೆಯಿತು. ಎಬ್ಬಿಸಿ, ‘ನಾನೇ ಕಣಕ್ಕ’ ಎಂದು ಹೇಳಲು ಇನ್ನೂ ಸಮಯವಿತ್ತು. ಅಷ್ಟರಲ್ಲಿ ಜಗುಲಿಯ ಮೇಲೆ ಸಿಸಿಲಿ ಬಕೀಟು ಇಟ್ಟ ಸದ್ದಾಯಿತು. ಕೈ ಬಿಡಿಸಿಕೊಂಡು ಬಾಗಿಲಿಗೆ ಬಂದು ನಿಂತೆ. ‘ಈಗ್ ಬಂದ್ರಾ?’ ಎಂದಳು. ‘ಈಗ್ ಬಂದೆ’ ಎಂದೆ.

ಕ್ರಿಸ್ಮಸ್ಸಿಗೆ ಎರಡು ದಿನ ಇರುವಾಗ, ಬೆಳಗಿನ ಹೊತ್ತಿನಲ್ಲಿ, ಅಕ್ಕ ತೀರಿಕೊಂಡಳು. ನಾನು ಫಾದರನ್ನು ಕರೆತರಲು ಹೋಗಿದ್ದೆ. ಫೋನು ಮಾಡಿದ್ದರೆ ಅವರೇ ಬರುತ್ತಿದ್ದರು. ಅವರ ನಂಬರು ನನ್ನ ಜೇಬಿನಲ್ಲೇ ಇತ್ತು. ಪೆಟ್ಟಿಗೆಯನ್ನು ಪಾಂಡವಪುರದಿಂದ ತಂದೆ. ಇಷ್ಟು ಬೇಗ ತಂದನಲ್ಲ ಎಂದು ಬೀದಿಯವರಿಗೆ ಆಶ್ಚರ್ಯವಾಯಿತು. ಹಬ್ಬದ ಪೂಜೆಯಲ್ಲಿ ಬಾಲಯೇಸುವನ್ನು ಮಲಗಿಸುವಾಗ ತೊಟ್ಟಿ ತುಂಬಿ ಹುಲ್ಲು ಹೊರಗೆ ಚೆಲ್ಲುತ್ತಿತ್ತು. ಇಂಥ ದುಃಖದಲ್ಲೂ ಚರ್ಚಿಗಾಗಿ ಇಷ್ಟು ಓಡಾಡಿದ ಚೌರಪ್ಪನವರು ನಮಗೆಲ್ಲ ಮಾದರಿ ಎಂದು ಫಾದರ್ ಎಲ್ಲರ ಮುಂದೆ ಹೇಳಿದರು. ನಾನು ತಲೆ ತಗ್ಗಿಸಿದೆ. ಅದನ್ನೂ ಜನ ವಿನಯ ಎಂದುಕೊಂಡರು.

ಹಬ್ಬ ಕಳೆದ ಮೇಲೆ ಸಿಸಿಲಿ ಅಕ್ಕನ ಸೀರೆಗಳನ್ನು ಮಡಚುತ್ತ ಹೇಳಿದಳು. ‘ಅತ್ತಿಗೆಮ್ಮ ಹೋಗೋ ಹಿಂದಿನ್ ದಿನ ಒಂದ್ ಮಾತಂದ್ರು. ಯಾವ್ದೋ ಒಂದ್ ಹುಡ್ಗ ಬಂದಿತ್ತಂತೆ. ಕಡ್ಡಿ ಗಿಡ್ಡಿ ಏನೂ ಕೇಳ್ದೆ, ಹೊತ್ ಮುಳುಗೋಗಂಟ ಕೈ ಹಿಡ್ಕಂಡ್ ಕುಂತಿತ್ತಂತೆ. ಬಾಳ ಒಳ್ಳೆ ಹುಡ್ಗ, ಚೌರಂಗೆ ಹೇಳು, ಅವನ್ನ ನೋಡಿ ಕಲ್ತ್ಕಳ್ಳಿ ಅಂದ್ರು.’ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ದಿನಾ ಬರೋ ಮಕ್ಳನ್ನೆಲ್ಲ ಕೇಳ್ದೆ, ಎಲ್ಲಾವೂ ನಾನಲ್ಲ ಅಂತಾವೆ. ನಿಮ್ಗೇನಾರ ಗೊತ್ತಾ, ಯಾರ್ ಮಗ ಅಂತ? ಕರ್ದು ಎರಡು ಕಜ್ಜಾಯನಾದ್ರೂ ಕೊಡ್ಬೇಕಿತ್ತು.’

ನಾನು ಅವಳ ಎದುರಿಗೇ, ಗೋಡೆಗೆ ಒರಗಿ ಕೂತಿದ್ದೆ.

‘ವಿಚಾರ್ಸ್ಕೊಂಡ್ ಬತ್ತೀನಿ ಇರು’ ಎಂದು ಎದ್ದು, ಚಪ್ಪಲಿ ಮೆಟ್ಟಿ, ಹೊರಗೆ ಹೋದೆ.